ಚಾಕೊವೆಟ್ಸ್‌ನಲ್ಲಿ ವೆಲ್ಡರ್ ಕೆಲಸ: ಊರು ಹೇಗೆ, ಚಳಿ ಎಷ್ಟು, ಜನ ಎಂಥವರು?

ರಾಣೆಬೆನ್ನೂರ್_ವೆಲ್ಡರ್:

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ, ಊರು ರಾಣೆಬೆನ್ನೂರು. ಐಟಿಐ ಆದಮೇಲೆ ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಮಿಗ್, ಟಿಗ್ ಎರಡೂ ವೆಲ್ಡಿಂಗ್ ಮಾಡುತ್ತಿದ್ದೇನೆ. ಈಗ ಕ್ರೊಯೇಷಿಯಾದಿಂದ ಆಫರ್ ಬಂದಿದೆ, ವರ್ಕ್ ಪರ್ಮಿಟ್ ಕಾಗದಪತ್ರ ಓಡಾಡುತ್ತಿದೆ. ಏಜೆಂಟ್ ತೋರಿಸಿದ ವಿಡಿಯೊದಲ್ಲೆಲ್ಲ ನೀಲಿ ಸಮುದ್ರ, ಕೋಟೆ, ದೋಣಿ. ಕಾಂಟ್ರಾಕ್ಟ್ ಕೈಗೆ ಬಂದಮೇಲೆ ನೋಡಿದರೆ ಊರು ಚಾಕೊವೆಟ್ಸ್, ಜಿಲ್ಲೆ ಮೆಜಿಮುರ್ಯೆ ಅಂತ ಇದೆ. ಮ್ಯಾಪ್‌ನಲ್ಲಿ ಹುಡುಕಿದೆ. ದೇಶದ ಉತ್ತರದ ತುದಿ, ಆ ಕಡೆ ಹಂಗೇರಿ, ಈ ಕಡೆ ಸ್ಲೊವೇನಿಯಾ. ಸಮುದ್ರದ ಸುಳಿವೇ ಇಲ್ಲ. ಕೇಳಿದರೆ "ಯುರೋಪ್ ಎಲ್ಲಾ ಒಂದೇ, ಹೋಗಪ್ಪ" ಅಂತಾರೆ.

ಆ ಕಡೆ ಯಾರಾದರೂ ಕನ್ನಡದವರು ಇದ್ದೀರಾ? ಚಳಿ ತಡೆಯೋಕೆ ಆಗುತ್ತಾ? ಜನ ನಮ್ಮನ್ನು ಹೇಗೆ ನೋಡುತ್ತಾರೆ? ನಾನು ಪೂರ್ತಿ ಸಸ್ಯಾಹಾರಿ, ಮೊಟ್ಟೆನೂ ಮುಟ್ಟಲ್ಲ. ಅವ್ವನಿಗೆ ಅದೇ ದೊಡ್ಡ ಚಿಂತೆ.

ದುಬೈ_ಹುಬ್ಬಳ್ಳಿ:

ಕ್ರೊಯೇಷಿಯಾ ಅಂದ್ರೆ ಬೀಚ್ ಗುರು, ಫುಟ್‌ಬಾಲ್. ಚಳಿ ಏನೂ ಇರಲ್ಲ, ಮೆಡಿಟರೇನಿಯನ್ ಹವಾಮಾನ. ಆರಾಮಾಗಿ ಹೋಗಿ ಬಾ.

ಹೊಸನಗರದ_ಹೈದ:

ಮೇಲಿನವರ ಮಾತು ನಂಬಿ ಬರೀ ಟೀ ಶರ್ಟ್ ತುಂಬಿಕೊಂಡು ಬರಬೇಡ ತಮ್ಮಾ. ಕ್ರೊಯೇಷಿಯಾದಲ್ಲಿ ಇದುವರೆಗೆ ಅಧಿಕೃತವಾಗಿ ದಾಖಲಾದ ಅತಿ ಕಡಿಮೆ ತಾಪಮಾನ ಮೈನಸ್ 35.5 ಡಿಗ್ರಿ. ಅದು ದಾಖಲಾದ ದಿನ 1929ರ ಫೆಬ್ರವರಿ 3. ದಾಖಲಾದ ಊರು ನೀನು ಹೋಗುತ್ತಿರುವ ಅದೇ ಚಾಕೊವೆಟ್ಸ್.

ಹೆದರಬೇಡ, ಅದು ಆ ವರ್ಷ ಇಡೀ ಯುರೋಪನ್ನೇ ಹಿಡಿದಿದ್ದ ಚಳಿ. ಈಗ ಹಾಗಿಲ್ಲ. ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರದವನು, ಇಲ್ಲಿ ಪ್ರೆಲೊಗ್ ಅನ್ನುವ ಸಣ್ಣ ಪಟ್ಟಣದಲ್ಲಿದ್ದೇನೆ, ಸಿಎನ್‌ಸಿ ಮೆಷಿನ್ ಆಪರೇಟರ್. ಪ್ರೆಲೊಗ್ ಇದೇ ಜಿಲ್ಲೆಯದ್ದು, ಚಾಕೊವೆಟ್ಸ್‌ಗೆ ಹತ್ತಿರ. ನೀನು ಕೇಳಿದ್ದಕ್ಕೆಲ್ಲ ನಿಧಾನವಾಗಿ ಹೇಳುತ್ತೇನೆ. ಉದ್ದ ಆಗುತ್ತೆ, ಓದಿಕೋ.

ಮೊದಲು ಸಮುದ್ರದ ಆಸೆ ಬಿಡು. ಇಲ್ಲಿ ಇರುವುದು ಎರಡು ನದಿ. ದಕ್ಷಿಣಕ್ಕೆ ದ್ರಾವಾ, ಉತ್ತರಕ್ಕೆ ಮುರಾ. ಎರಡೂ ಆಲ್ಪ್ಸ್ ಕಡೆಯಿಂದ ಬರುತ್ತವೆ. ನಮ್ಮ ಕೂಡಲಿಯಲ್ಲಿ ತುಂಗೆ ಭದ್ರೆ ಸೇರುವ ಹಾಗೆ ಪೂರ್ವದ ತುದಿಯಲ್ಲಿ, ಲೆಗ್ರಾಡ್ ಹತ್ತಿರ, ಒಂದಾಗುತ್ತವೆ. ನಡುವೆ ಸಿಕ್ಕಿಕೊಂಡ ನೆಲವೇ ಮೆಜಿಮುರ್ಯೆ. ಒಟ್ಟು 729 ಚದರ ಕಿಲೋಮೀಟರ್. ರಾಜಧಾನಿ ಜಾಗ್ರೆಬ್ ನಗರವನ್ನು ಪಕ್ಕಕ್ಕಿಟ್ಟರೆ ದೇಶದಲ್ಲೇ ಅತಿ ಚಿಕ್ಕ ಜಿಲ್ಲೆ. ಆದರೆ 2021ರ ಜನಗಣತಿಯಲ್ಲಿ 1,05,250 ಜನ. ದೇಶದ ಸರಾಸರಿ ಚದರ ಕಿಲೋಮೀಟರಿಗೆ 70 ಜನ ಕೂಡ ಇಲ್ಲ, ಇಲ್ಲಿ 140ಕ್ಕಿಂತ ಜಾಸ್ತಿ. ಹಾಗಂತ ಬೆಂಗಳೂರಿನ ಗದ್ದಲ ಅಂದುಕೊಳ್ಳಬೇಡ. ಒಂದು ಹಳ್ಳಿ ಮುಗಿಯಿತು ಅನ್ನುವಷ್ಟರಲ್ಲಿ ಮುಂದಿನ ಹಳ್ಳಿಯ ಬೋರ್ಡು ಬರುತ್ತೆ, ಅಷ್ಟೇ. ಪಟ್ಟಣ ಅನ್ನಿಸಿಕೊಂಡಿರುವುದು ಮೂರು: ಚಾಕೊವೆಟ್ಸ್, ಪ್ರೆಲೊಗ್, ಮುರ್ಸ್ಕೊ ಸ್ರೆಡಿಶ್ಚೆ. ದೊಡ್ಡದು ಚಾಕೊವೆಟ್ಸ್, ಅದಕ್ಕೂ ಸುತ್ತಲ ಹಳ್ಳಿ ಸೇರಿಸಿ 27 ಸಾವಿರ ಜನ.

ಜಿಲ್ಲೆ ಚಿಕ್ಕದಾದರೂ ಎರಡು ಥರ ಇದೆ. ಪಶ್ಚಿಮಕ್ಕೆ ಮೇಲಿನ ಮೆಜಿಮುರ್ಯೆ, ಗುಡ್ಡಗಳು, ದ್ರಾಕ್ಷಿ ತೋಟ. ಗುಡ್ಡ ಅಂದರೆ ಸಹ್ಯಾದ್ರಿ ನೋಡಿದವರಿಗೆ ನಗು ಬರುತ್ತೆ. ಎಲ್ಲಕ್ಕಿಂತ ಎತ್ತರದ ಮೊಹೊಕೊಸ್ 344 ಮೀಟರ್. ಪೂರ್ವಕ್ಕೆ ಕೆಳಗಿನ ಮೆಜಿಮುರ್ಯೆ, ಚಪ್ಪಟೆ ಬಯಲು. ಆಲೂಗಡ್ಡೆ, ಮೆಕ್ಕೆಜೋಳ, ಗೋಧಿ, ಕುಂಬಳ. ಬೆಲಿಟ್ಸಾ ಅನ್ನುವ ಊರಿನ ಸುತ್ತ ಆಲೂಗಡ್ಡೆಯದ್ದೇ ಬದುಕು. ಮುಸುಕಿನ ಜೋಳ ಬೆಳೆಯುವ ರಾಣೆಬೆನ್ನೂರಿನವನಿಗೆ ಆ ಹೊಲ ನೋಡಿದರೆ ಬೇಜಾರೇನೂ ಆಗಲ್ಲ.

ಎರಡು ನದಿಯ ಸ್ವಭಾವ ಬೇರೆ ಬೇರೆ. ದ್ರಾವಾವನ್ನು ಕಟ್ಟಿಹಾಕಿದ್ದಾರೆ. 1975ರಿಂದ 1989ರ ಒಳಗೆ ವರಾಜ್ದಿನ್, ಚಾಕೊವೆಟ್ಸ್, ದುಬ್ರಾವಾ ಅಂತ ಸಾಲಾಗಿ ಮೂರು ಜಲವಿದ್ಯುತ್ ಕೇಂದ್ರ ಕಟ್ಟಿದರು. ಪ್ರೆಲೊಗ್ ಪಕ್ಕದಲ್ಲೇ ದೊಡ್ಡ ಹಿನ್ನೀರು ಇದೆ. ಶರಾವತಿ ಹಿನ್ನೀರು ನೋಡಿ ಬೆಳೆದವನು ನಾನು, ಭಾನುವಾರ ಅಲ್ಲಿ ದಂಡೆ ಮೇಲೆ ಹೋಗಿ ಸುಮ್ನೆ ಕೂರುತ್ತೇನೆ. ಮುರಾ ಹಾಗಲ್ಲ. ಇಲ್ಲಿನ ಭಾಗದಲ್ಲಿ ಅಣೆಕಟ್ಟೇ ಇಲ್ಲ. ತನಗೆ ಬೇಕಾದ ಕಡೆ ದಂಡೆ ಕೊರೆದು, ಹಳೆಯ ದಾರಿಯನ್ನು ಕೆರೆಯಾಗಿ ಬಿಟ್ಟು ಮುಂದೆ ಹೋಗುತ್ತೆ. 2023ರ ಆಗಸ್ಟ್‌ನಲ್ಲಿ ಸ್ಲೊವೇನಿಯಾದಲ್ಲಿ ಭಾರೀ ಮಳೆಯಾಗಿ ಎರಡೂ ನದಿ ಉಕ್ಕಿದವು. ಆಗ ಮುರಾ ಒಡ್ಡುಗಳ ಮೇಲೆ ಜನ ರಾತ್ರಿಯೆಲ್ಲ ಮರಳಿನ ಚೀಲ ಪೇರಿಸಿದರು. ಈ ನದಿಗಳ ಸುತ್ತಲಿನ ಕಾಡು, ಜೌಗು ಎಲ್ಲ ಸೇರಿಸಿ 2021ರಲ್ಲಿ ಯುನೆಸ್ಕೊ ಐದು ದೇಶಗಳ ಒಂದೇ ಜೀವಗೋಳ ಮೀಸಲು ಪ್ರದೇಶ ಅಂತ ಘೋಷಿಸಿದೆ. ಆಸ್ಟ್ರಿಯಾ, ಸ್ಲೊವೇನಿಯಾ, ಕ್ರೊಯೇಷಿಯಾ, ಹಂಗೇರಿ, ಸೆರ್ಬಿಯಾ. ಹಿಂದೆ ಈ ನದಿಗಳ ಮರಳು ತೊಳೆದು ಚಿನ್ನದ ಪುಡಿ ತೆಗೆಯುವವರೂ ಇದ್ದರು. ದೊನ್ಯಿ ವಿದೊವೆಟ್ಸ್ ಅನ್ನುವ ಹಳ್ಳಿಯಲ್ಲಿ ಆ ಹಲಗೆ, ಬಟ್ಟೆ, ಸಲಿಕೆ ಎಲ್ಲ ತೋರಿಸುತ್ತಾರೆ.

ಈಗ ಚಳಿ ವಿಷಯ. ಜನವರಿಯ ಸರಾಸರಿ ಸೊನ್ನೆಯ ಆಸುಪಾಸು. ಕೆಲವು ರಾತ್ರಿ ಮೈನಸ್ 10 ದಾಟಬಹುದು. ಒಳ್ಳೆ ಜಾಕೆಟ್, ಉಣ್ಣೆ ಸಾಕ್ಸ್ ಇದ್ದರೆ ಅದು ಸಮಸ್ಯೆಯೇ ಅಲ್ಲ. ನಿಜವಾಗಿ ಕಾಡುವುದು ಮಂಜು ಮತ್ತು ಕತ್ತಲೆ. ಇದನ್ನು ಯಾವ ಏಜೆಂಟೂ ಹೇಳಲ್ಲ. ತಣ್ಣನೆ ಗಾಳಿ ಬಯಲಿನಲ್ಲಿ ತಳಕ್ಕೆ ಕೂತುಬಿಡುತ್ತೆ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕುತ್ತೆ. ನದಿಯ ತೇವ, ಮನೆಗಳ ಸೌದೆ ಒಲೆಯ ಹೊಗೆ ಎಲ್ಲ ಅದರೊಳಗೇ. ನವೆಂಬರ್‌ನಲ್ಲಿ ಒಮ್ಮೊಮ್ಮೆ ವಾರಗಟ್ಟಲೆ ಸೂರ್ಯ ಕಾಣಲ್ಲ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಏಳೂವರೆ ಮೇಲೆ, ಮುಳುಗುವುದು ನಾಲ್ಕೂಕಾಲರೊಳಗೆ. ಇಲ್ಲಿ ಬೆಳಗಿನ ಶಿಫ್ಟು ಆರು ಗಂಟೆಗೆ ಶುರು. ಕತ್ತಲಲ್ಲಿ ಹೋಗಿ, ಎರಡು ಗಂಟೆಗೆ ಹೊರಗೆ ಬಂದರೆ ಉಳಿದಿರುವುದು ಬೂದು ಬಣ್ಣದ ಎರಡು ತಾಸು. ನಮ್ಮ ಜೊತೆ ಇದ್ದ ಒಬ್ಬ ಕೇರಳದ ಹುಡುಗ, ಕೆಲಸದಲ್ಲಿ ಹುಲಿ, ಮೊದಲ ಜನವರಿಯಲ್ಲೇ ಟಿಕೆಟ್ ಮಾಡಿಸಿ ಹೊರಟುಹೋದ. ಚಳಿಗೆ ಹೆದರಿ ಹೋದವನಲ್ಲ ಅವನು.

ಹಾಗಾಗಿ ಚಳಿಗಾಲದಲ್ಲಿ ರಜೆ ದಿನ ರೂಮಿನಲ್ಲಿ ಮಲಗಬೇಡ. ಬಸ್ಸು ಹತ್ತಿ ಶ್ಟ್ರಿಗೊವಾ ಕಡೆ ಗುಡ್ಡಕ್ಕೆ ಹೋಗು. ಎಷ್ಟೋ ಸಲ ಕೆಳಗೆ ಬಿಳಿ ಮಂಜು, ಮೇಲೆ ಚೊಕ್ಕ ಬಿಸಿಲು. 300 ಮೀಟರ್ ಗುಡ್ಡಕ್ಕೆ ಇಷ್ಟು ಬೆಲೆ ಇದೆ ಅಂತ ನಾನು ಇಲ್ಲಿ ಬಂದಮೇಲೇ ತಿಳಿದದ್ದು.

ಬೇಸಿಗೆ ಚೆನ್ನಾಗಿದೆ. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು. ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿ ಮುಟ್ಟುತ್ತೆ, ವೆಲ್ಡಿಂಗ್ ಶೆಡ್‌ನಲ್ಲಿ ಇನ್ನೂ ಜಾಸ್ತಿ. ಮಳೆಗಾಲ ಅಂತ ಬೇರೆ ಇಲ್ಲ, ವರ್ಷ ಪೂರ್ತಿ ಸ್ವಲ್ಪ ಸ್ವಲ್ಪ ಬರುತ್ತೆ. ಹೊಸನಗರದ ಮಳೆ ನೋಡಿದವನಿಗೆ ಅದು ಮಳೆ ಅನ್ನಿಸಲ್ಲ. ಆದರೆ ಆಲಿಕಲ್ಲು ಮಾತ್ರ ಜೋರು. ರೈತರು ಇನ್ನೊಂದಕ್ಕೆ ಹೆದರುವುದು ಏಪ್ರಿಲ್ ಕೊನೆಯ ಹಿಮಕ್ಕೆ. ದ್ರಾಕ್ಷಿ, ಸೇಬು ಚಿಗುರಿದ ಮೇಲೆ ಒಂದು ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದರೆ ಆ ವರ್ಷದ ಬೆಳೆ ಹೋಯ್ತು. 2016ರಲ್ಲಿ ಹಾಗೇ ಆಗಿತ್ತು.

ಒಂದು ಎಚ್ಚರಿಕೆ. ಮೇ ತಿಂಗಳಿಂದ ಹುಲ್ಲಲ್ಲಿ, ಕಾಡಂಚಲ್ಲಿ ಓಡಾಡಿ ಬಂದರೆ ಮೊಣಕಾಲ ಹಿಂದೆ, ಕಂಕುಳಲ್ಲಿ, ಸೊಂಟದ ಪಟ್ಟಿ ಕೆಳಗೆ ನೋಡಿಕೊಳ್ಳಬೇಕು. ಉಣುಗು ಇರುತ್ತೆ. ಎಳ್ಳಿನಷ್ಟು ಸಣ್ಣದು, ಕಚ್ಚಿದ್ದು ಗೊತ್ತೇ ಆಗಲ್ಲ. ಚಿಮುಟ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು, ಎಣ್ಣೆ ಗಿಣ್ಣೆ ಹಚ್ಚಬಾರದು. ಇಲ್ಲಿನ ಉಣುಗು ಲೈಮ್ ಕಾಯಿಲೆ ತರುತ್ತೆ, ಮೆದುಳಿಗೆ ಹೋಗುವ ಒಂದು ವೈರಸ್ ಜ್ವರವನ್ನೂ ತರುತ್ತೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾದ ನಮ್ಮ ಮಂಗನ ಕಾಯಿಲೆ ವೈರಸ್ಸೂ ಇದರ ದಾಯಾದಿಯೇ. ಇಲ್ಲಿನದಕ್ಕೆ ಒಳ್ಳೆಯ ಲಸಿಕೆ ಇದೆ, ಹಾಕಿಸಿಕೋ. ಮಲೆನಾಡಿನವನು ಹೇಳ್ತಾ ಇದ್ದೇನೆ, ಹಗುರ ಮಾಡಬೇಡ.

ಜನರ ಬಗ್ಗೆ ಇನ್ನೊಂದು ಪೋಸ್ಟ್‌ನಲ್ಲಿ ಬರೆಯುತ್ತೇನೆ, ಶಿಫ್ಟಿಗೆ ಹೊತ್ತಾಯ್ತು.

ಗ್ರಾಜ್_ಕನ್ನಡತಿ:

ಹೊಸನಗರದವರು ಮಂಜಿನ ಬಗ್ಗೆ ಬರೆದದ್ದು ಸರಿ, ಆದರೆ ಹುಡುಗನನ್ನು ಸ್ವಲ್ಪ ಜಾಸ್ತಿನೇ ಹೆದರಿಸಿದ್ದೀರಿ! ನಾನು ಆಸ್ಟ್ರಿಯಾದ ಗ್ರಾಜ್‌ನಲ್ಲಿದ್ದೇನೆ, ಅಲ್ಲಿಂದ ಆ ಗುಡ್ಡಗಳಿಗೆ ಆಗಾಗ ಬರುತ್ತೇವೆ. ಸೆಪ್ಟೆಂಬರ್, ಅಕ್ಟೋಬರ್ ಬಗ್ಗೆ ಒಂದು ಮಾತೂ ಬರೆದಿಲ್ಲವಲ್ಲ ನೀವು. ಮಾಜೆರ್ಕಿನ್ ಬ್ರೆಗ್ ಅನ್ನುವ ಗುಡ್ಡದ ಮೇಲೆ ನಿಂತರೆ ಸಾಲು ಸಾಲು ದ್ರಾಕ್ಷಿ, ಎದುರಿಗೆ ಸ್ಲೊವೇನಿಯಾ. ಅಲ್ಲಿನ ಬಿಳಿ ವೈನ್ ಪುಶಿಪೆಲ್. ಹಂಗೇರಿಯವರು ಟೊಕಾಯ್ ಅನ್ನುವ ವೈನ್‌ಗೆ ಬಳಸುವ ಫುರ್ಮಿಂಟ್ ದ್ರಾಕ್ಷಿಯೇ ಅದು. ಸ್ವೆತಿ ಮಾರ್ಟಿನ್‌ನಲ್ಲಿ ಬಿಸಿನೀರಿನ ಕೊಳಗಳಿವೆ. ಎಣ್ಣೆ ಹುಡುಕಲು ಕೊರೆದಾಗ ಬಿಸಿನೀರು ಬಂತಂತೆ. ಮಂಜಿನ ದಿನಕ್ಕೆ ಅದೇ ಮದ್ದು.

ಜನ ಮಾತ್ರ ಸ್ವಲ್ಪ ಬಿಗಿ ಅನ್ನಿಸಿತು ನನಗೆ. ದಕ್ಷಿಣದ ಕಡಲ ತೀರದವರ ಹಾಗೆ ಥಟ್ ಅಂತ ಬೆರೆಯಲ್ಲ.

ಹೊಸನಗರದ_ಹೈದ:

ಮೇಡಂ, ಅಕ್ಟೋಬರ್ ವಿಷಯ ಒಪ್ಪಿದೆ. ಬಿಗಿ ಅನ್ನುವುದನ್ನು ಅರ್ಧ ಒಪ್ಪುತ್ತೇನೆ.

ಇಲ್ಲಿನ ಜನ ಕೆಲಸದ ಜನ. ಕ್ರೊಯೇಷಿಯಾದ ಬೇರೆ ಕಡೆಯವರು ಮೆಜಿಮುರ್ಯೆಯವರು ಅಂದರೆ ಎರಡೇ ಮಾತು ಹೇಳುತ್ತಾರೆ: ದುಡಿಯುತ್ತಾರೆ, ದುಡ್ಡು ಬಿಚ್ಚಲ್ಲ. ನೆಲ ಕಡಿಮೆ, ಜನ ಜಾಸ್ತಿ. ಹೊಲ ಒಂದನ್ನೇ ನಂಬಿ ಬದುಕೋಕೆ ಆಗದೆ ಕೈಕಸುಬು, ಕಾರ್ಖಾನೆ, ಹೊರದೇಶ ಅಂತ ಹೊರಟವರು. ಬಟ್ಟೆ, ಚಪ್ಪಲಿ, ಲೋಹದ ಕೆಲಸ, ಕಟ್ಟಡ ಕೆಲಸ ಎಲ್ಲ ಇದೆ. ಈಗಲೂ ಸೋಮವಾರ ನಸುಕಿನಲ್ಲಿ ಆಸ್ಟ್ರಿಯಾ ಕಡೆ ಹೊರಡುವ ವ್ಯಾನುಗಳನ್ನು ನೋಡಬಹುದು. ಗಾರೆಯವರು, ಬಡಗಿಗಳು, ನಿನ್ನ ಹಾಗೆ ವೆಲ್ಡರುಗಳು. ಅವರು ಖಾಲಿ ಮಾಡಿದ ಜಾಗಕ್ಕೇ ನೇಪಾಳ, ಫಿಲಿಪೀನ್ಸ್, ಭಾರತದಿಂದ ನಮ್ಮನ್ನು ಕರೆಸುತ್ತಿರುವುದು. ಇದು ಅವರಿಗೂ ಗೊತ್ತು. ಅದಕ್ಕೇ ಇರಬೇಕು, ಪರದೇಶಕ್ಕೆ ದುಡಿಯೋಕೆ ಬಂದವನ ಕಷ್ಟ ಇವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಫೋರ್ಮನ್ ಬಹಳ ವರ್ಷ ಜರ್ಮನಿಯಲ್ಲಿ ಕಂಟೇನರ್ ರೂಮಿನಲ್ಲಿ ಇದ್ದವನು. ಊಟದ ಹೊತ್ತಿಗೆ ಅವನೇ ಬಂದು ಪಕ್ಕದಲ್ಲಿ ಕೂರುತ್ತಾನೆ.

ನನ್ನ ಮನೆಯೊಡತಿ ಎಂಬತ್ತರ ಹತ್ತಿರದ ಅಜ್ಜಿ. ಮೊದಲ ಆರು ತಿಂಗಳು "ದೊಬಾರ್ ದಾನ್", ಅಂದರೆ ನಮಸ್ಕಾರ, ಅದು ಬಿಟ್ಟರೆ ಮಾತಿಲ್ಲ. ಗೇಟಿನ ಚಿಲಕ ಸರಿ ಹಾಕಲಿಲ್ಲ ಅಂತ ಒಂದು ದಿನ ಬೈದರು. ಇಲ್ಲಿ ಮನೆಗಳು ರಸ್ತೆಗೆ ಮುಖ ಮಾಡಿ ಸಾಲಾಗಿರುತ್ತವೆ, ಹಿಂದೆ ಉದ್ದಕ್ಕೆ ಕಿರಿದಾದ ಹಿತ್ತಲು. ಕೊಟ್ಟಿಗೆ, ಕೋಳಿಗೂಡು, ಸೌದೆ ರಾಶಿ, ಆಮೇಲೆ ತರಕಾರಿ ಪಾತಿ, ಕೊನೆಗೆ ಮೆಕ್ಕೆಜೋಳದ ಹೊಲ. ಆ ಸೌದೆ ರಾಶಿಯನ್ನು ನೋಡಬೇಕು ನೀನು. ಒಂದೇ ಉದ್ದಕ್ಕೆ ಕೊಯ್ದು, ತುದಿ ಸಮ ಮಾಡಿ, ನೂಲು ಹಿಡಿದು ಪೇರಿಸಿದ ಹಾಗಿರುತ್ತೆ. ಒಂದು ಶನಿವಾರ ನಾನು ಸುಮ್ನೆ ಕೈ ಹಾಕಿ ಅಜ್ಜಿ ಜೊತೆ ಸೌದೆ ಪೇರಿಸಿದೆ. ನಾನು ಇಟ್ಟ ಸಾಲನ್ನು ಅವರು ತಾನೇ ಮತ್ತೆ ಬಿಚ್ಚಿ ಜೋಡಿಸಿದರು ಅನ್ನುವುದು ಬೇರೆ ಮಾತು. ಸಂಜೆ ಬಾಗಿಲು ತಟ್ಟಿ ಒಂದು ತಟ್ಟೆ ಗಿಬಾನಿಟ್ಸಾ ಕೊಟ್ಟರು. ಅಲ್ಲಿಂದ ಶುರು.

ಗಿಬಾನಿಟ್ಸಾ ಇಲ್ಲಿನ ಹಬ್ಬದ ತಿಂಡಿ. ತೆಳ್ಳಗಿನ ಹಾಳೆಗಳ ನಡುವೆ ಗಸಗಸೆ, ಅಕ್ರೋಟು, ಸೇಬು, ಹಸಿ ಚೀಸ್ ಪದರ ಪದರವಾಗಿ ಹಾಕಿ ಬೇಯಿಸುತ್ತಾರೆ. ನಿನಗೆ ಕೆಟ್ಟ ಸುದ್ದಿ ಏನಂದರೆ ಅದರಲ್ಲಿ ಮೊಟ್ಟೆ ಇರುತ್ತೆ. ಊಟದ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಇದು ಹಂದಿಮಾಂಸದ ಸೀಮೆ. ಹಂದಿ ಮಾಂಸ ಹೊಗೆ ಹಾಕಿ, ಬೇಯಿಸಿ, ಮರದ ಪೀಪಾಯಿಯಲ್ಲಿ ಹಂದಿ ಕೊಬ್ಬಿನೊಳಗೆ ತಿಂಗಳುಗಟ್ಟಲೆ ಇಡುತ್ತಾರೆ. ಅದೇ ಇವರ ಹೆಮ್ಮೆ. ಬೀನ್ಸ್ ಸೂಪ್ ಕೇಳಿದರೂ ಅದರಲ್ಲಿ ಎರಡು ತುಂಡು ಇರುತ್ತೆ. "ಬೆಜ್ ಮೆಸಾ", ಮಾಂಸ ಬೇಡ ಅಂದರೆ ತುಂಡು ತೆಗೆದು ಅದೇ ಸೂಪ್ ಕೊಡುವವರಿದ್ದಾರೆ. ಹಾಗಾಗಿ ಅಡುಗೆ ನೀನೇ ಮಾಡಿಕೋ. ಆಲೂಗಡ್ಡೆ, ಎಲೆಕೋಸು, ಬೀನ್ಸ್, ಈರುಳ್ಳಿ, ಹಾಲು, ಮೊಸರು ಎಲ್ಲ ಚೆನ್ನಾಗಿವೆ. ಕುಂಬಳದ ಬೀಜದ ಎಣ್ಣೆ ಸಿಗುತ್ತೆ, ಕಡು ಹಸಿರು, ಹುರಿದ ಬೀಜದ ಘಮ. ಅದನ್ನು ಒಗ್ಗರಣೆಗೆ ಹಾಕಬಾರದು, ಹೊತ್ತಿ ಕಹಿಯಾಗುತ್ತೆ. ಬೇಯಿಸಿದ ಬೀನ್ಸ್‌ಗೆ ಹಸಿ ಈರುಳ್ಳಿ ಹೆಚ್ಚಿ ಹಾಕಿ, ಮೇಲೆ ಆ ಎಣ್ಣೆ, ಸ್ವಲ್ಪ ಉಪ್ಪು, ವಿನಿಗರ್. ನಿನ್ನ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ್ದು. ಜೋಳದ ಹಿಟ್ಟು ಮಾತ್ರ ಊರಿಂದಲೇ ತರಬೇಕು.

ಹಾಡಿನ ಬಗ್ಗೆ ಹೇಳದಿದ್ದರೆ ಇವರ ಬಗ್ಗೆ ಹೇಳಿದ ಹಾಗಾಗಲ್ಲ. ಮೆಜಿಮುರ್ಯೆಯ ಜನಪದ ಹಾಡು, ಪೊಪೆವ್ಕಾ, 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನಿಧಾನ, ತಾಳಕ್ಕೆ ಸಿಕ್ಕದ ಎಳೆತ. ಹಿಂದೆ ಹೆಚ್ಚಾಗಿ ಹೆಂಗಸರು ಹಾಡುತ್ತಿದ್ದುದು. ಇಲ್ಲಿನ ವ್ರಾತಿಶಿನೆಟ್ಸ್ ಊರಿನ ವಿಂಕೊ ಝ್ಗಾನೆಟ್ಸ್ ಅನ್ನುವವರು ಊರೂರು ತಿರುಗಿ ಇವನ್ನು ಬರೆದಿಟ್ಟರು. ನಮ್ಮ ಮನೆಯೊಡತಿ ಅಜ್ಜಿಗೂ ಬರುತ್ತೆ. ಬಟಾಣಿ ಸುಲಿಯುವಾಗ ಹಾಡುತ್ತಾರೆ, ನಾವು ಬಂದದ್ದು ಕಂಡರೆ ನಿಲ್ಲಿಸುತ್ತಾರೆ. ಇವರು ಮಾತಲ್ಲಿ ಬಿಗಿ, ಮೇಡಂ ಹೇಳಿದ್ದು ಸರಿ. ಆದರೆ ಅಷ್ಟಕ್ಕೇ ಲೆಕ್ಕ ಮುಗಿಸಿಬಿಡಬೇಡಿ.

ಇತಿಹಾಸ ಎರಡು ಮಾತಲ್ಲಿ. ಚಾಕೊವೆಟ್ಸ್ ಕೋಟೆ ಝ್ರಿನ್ಸ್ಕಿ ಮನೆತನದ್ದು, ಈಗ ಮ್ಯೂಸಿಯಂ. ಅಣ್ಣ ನಿಕೊಲಾ ಹಂಗೇರಿಯನ್‌ನಲ್ಲಿ ಕಾವ್ಯ ಬರೆದ, ತಮ್ಮ ಪೆಟಾರ್ ಅದನ್ನು ಕ್ರೊಯೇಷಿಯನ್‌ಗೆ ತಂದ. ಅಣ್ಣ 1664ರಲ್ಲಿ ಕುರ್ಶಾನೆಟ್ಸ್ ಕಾಡಿನಲ್ಲಿ ಬೇಟೆಯಾಡುವಾಗ ಕಾಡುಹಂದಿ ತಿವಿದು ಸತ್ತ. ತಮ್ಮನ ತಲೆಯನ್ನು 1671ರಲ್ಲಿ ವಿಯೆನ್ನಾದ ಚಕ್ರವರ್ತಿ ತೆಗೆಸಿದ. ಈಗಿನ ಕ್ರೊಯೇಷಿಯಾದ ಮೊದಲ ರೈಲು 1860ರಲ್ಲಿ ಓಡಿದ್ದು ಇದೇ ಜಿಲ್ಲೆಯಲ್ಲಿ, ಚಾಕೊವೆಟ್ಸ್, ಕೊತೊರಿಬಾ ಮೇಲೆ ಹಂಗೇರಿಗೆ. ಆ ರೈಲ್ವೆ ನೌಕರನೊಬ್ಬನ ಮಗ 1861ರಲ್ಲಿ ದೊನ್ಯಿ ಕ್ರಾಲ್ಯೆವೆಟ್ಸ್‌ನಲ್ಲಿ ಹುಟ್ಟಿದ. ಅವನೇ ರುಡಾಲ್ಫ್ ಸ್ಟೈನರ್. ಬೆಂಗಳೂರಿನಲ್ಲಿ ವಾಲ್ಡಾರ್ಫ್ ಅನ್ನುವ ಅವನ ಪದ್ಧತಿಯ ಶಾಲೆಗಳಿವೆಯಲ್ಲ, ಅದೇ. 1918ರ ತನಕ ಇದು ಹಂಗೇರಿಯ ಕೈಯಲ್ಲಿತ್ತು, ಎರಡನೇ ಮಹಾಯುದ್ಧದಲ್ಲಿ ಮತ್ತೆ ನಾಲ್ಕು ವರ್ಷ ಅವರದ್ದೇ ಆಳ್ವಿಕೆ. ಹಳಬರ ಹತ್ತಿರ ಹಂಗೇರಿ ವಿಷಯ ತೆಗೆಯುವಾಗ ನೋಡಿಕೊಂಡು ತೆಗಿ.

ದುಬೈ_ಹುಬ್ಬಳ್ಳಿ:

ಅಣ್ಣಾ, ಬೀಚ್ ವಿಷಯ ವಾಪಸ್ ತಗೊಂಡೆ. ಇನ್ನೊಂದು ಕೇಳಬೇಕಿತ್ತು. ಅಲ್ಲಿ ಜಿಪ್ಸಿ ಜನ ಜಾಸ್ತಿ ಅಂತೆ, ಅವರು ನಮ್ಮ ದೇಶದಿಂದ ಹೋದವರಂತೆ. ಹಿಂದಿ ಅರ್ಥ ಆಗುತ್ತಾ ಅವರಿಗೆ? ನಮ್ಮವರು ಅಂತ ಪ್ರೀತಿ ತೋರಿಸ್ತಾರಾ?

ಹೊಸನಗರದ_ಹೈದ:

ರೋಮಾ ಅನ್ನು ಮಾರಾಯ, ಜಿಪ್ಸಿ ಅಂದರೆ ಅವರಿಗೆ ಬೈದ ಹಾಗೆ.

ಮೂಲ ಭಾರತ ಹೌದು. ಅವರ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ವಾಯವ್ಯ ಭಾರತದ ಕಡೆಯಿಂದ ಹೊರಟವರು. ಆದರೆ ಮೆಜಿಮುರ್ಯೆಯ ರೋಮಾ ಜನ ಬಯಾಶ್ ಅನ್ನುವ ಪಂಗಡದವರು. ಇವರ ಮನೆಮಾತು ಹಳೆಯ ರೊಮೇನಿಯನ್. ರೊಮೇನಿಯಾದ ನಾಡುಗಳಲ್ಲಿ ಇವರನ್ನು ಶತಮಾನಗಟ್ಟಲೆ ಜೀತದಾಳುಗಳಾಗಿ ಇಟ್ಟುಕೊಂಡಿದ್ದರು, ಅದು ಕಾನೂನಿನಿಂದ ನಿಂತದ್ದೇ 1850ರ ದಶಕದಲ್ಲಿ. ಅಲ್ಲೇ ಸ್ವಂತ ಭಾಷೆ ಹೋಯ್ತು. ಮರದ ಮರಿಗೆ, ಚಮಚ ಕೆತ್ತುವುದು ಇವರ ಕಸುಬಾಗಿತ್ತು. ಪ್ಲಾಸ್ಟಿಕ್ ಬಂದಮೇಲೆ ಅದೂ ಹೋಯ್ತು. ಹಿಂದಿಯಲ್ಲಿ ಮಾತಾಡಿಸಿದರೆ ನಿನ್ನ ಮುಖ ನೋಡುತ್ತಾರೆ ಅಷ್ಟೇ.

ಜಿಲ್ಲೆಯಲ್ಲಿ ಸುಮಾರು 7 ಸಾವಿರ ಜನ ಇದ್ದಾರೆ. ದೇಶದ ರೋಮಾ ಜನರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಲ್ಲೇ. ಕುರ್ಶಾನೆಟ್ಸ್, ಪರಾಗ್, ಪಿಶ್ಕೊರೊವೆಟ್ಸ್ ಅಂತ ಕೇರಿಗಳು ಊರಿಂದ ಬೇರೆಯೇ. ನಮ್ಮ ಊರುಗಳಲ್ಲಿ ಕೇರಿ ನೋಡಿದವನಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ರೋಮಾ ಮಕ್ಕಳಿಗೇ ಬೇರೆ ತರಗತಿ ಮಾಡಿದ್ದರು, ಭಾಷೆ ಬರಲ್ಲ ಅನ್ನುವ ಕಾರಣ ಕೊಟ್ಟು. 15 ಮಕ್ಕಳು ಕೇಸು ಹಾಕಿದರು. ಅದು ಯುರೋಪಿನ ಮಾನವ ಹಕ್ಕು ನ್ಯಾಯಾಲಯದ ತನಕ ಹೋಗಿ, 2010ರ ಮಾರ್ಚ್‌ನಲ್ಲಿ ಇದು ತಾರತಮ್ಯ ಅಂತ ತೀರ್ಪು ಬಂತು. 17 ನ್ಯಾಯಾಧೀಶರಲ್ಲಿ 9 ಜನ ಹೌದು ಅಂದರು, 8 ಜನ ಅಲ್ಲ ಅಂದರು. ಒಂದು ಮತ. ಅಷ್ಟು ಕಗ್ಗಂಟು ಈ ವಿಷಯ.

ವೆಲ್ಡರ್ ತಮ್ಮಾ, ಇದು ನಿನಗೂ ತಟ್ಟುತ್ತೆ. ನಮ್ಮ ಮೈಬಣ್ಣ ನೋಡಿ ರೋಮಾ ಅಂದುಕೊಳ್ಳುವವರು ಇದ್ದಾರೆ. ಒಂದು ಅಂಗಡಿಯಲ್ಲಿ ಸೆಕ್ಯುರಿಟಿಯವನು ಒಂದೊಂದು ಸಾಲಿಗೂ ನನ್ನ ಹಿಂದೆಯೇ ಬಂದ. ನಮ್ಮ ಹುಡುಗರು ಆಗ ಮಾಡುವುದೇನು ಅಂದರೆ, "ನಾವು ಅವರಲ್ಲ, ಇಂಡಿಯಾದವರು" ಅಂತ ಜೋರಾಗಿ ಹೇಳುವುದು. ನನಗೆ ಅದು ಸುತರಾಂ ಹಿಡಿಸಲ್ಲ. ನಮ್ಮ ಪಾಸ್‌ಪೋರ್ಟ್ ತೋರಿಸಿ ನಾವು ಬಚಾವಾದರೆ, ಪಕ್ಕದ ಸಾಲಲ್ಲಿ ನಿಂತ ಆ ರೋಮಾ ಹುಡುಗ ಏನು ತೋರಿಸಬೇಕು? ನಮ್ಮ ಫ್ಯಾಕ್ಟರಿಯಲ್ಲೇ ಒಬ್ಬ ಬಯಾಶ್ ಹುಡುಗ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಬೆಂಗಳೂರು ಎಲ್ಲಿದೆ ಅಂತ ಮ್ಯಾಪ್ ತೆಗೆಸಿ ನೋಡಿದ. ಪೂರ್ವಿಕರು ರಾಜಸ್ಥಾನದ ಕಡೆಯವರು ಅನ್ನುವ ಕಥೆ ಅವನಿಗೂ ಗೊತ್ತು, ಆದರೆ ಅವನಿಗೆ ಬೇಕಾಗಿದ್ದು ದುಬೈನಲ್ಲಿ ಫೋರ್ಕ್‌ಲಿಫ್ಟ್‌ಗೆ ಸಂಬಳ ಎಷ್ಟು ಅನ್ನುವುದು. ಗೊತ್ತಿದ್ದರೆ ಹೇಳು ಹುಬ್ಬಳ್ಳಿ.

ರಾಣೆಬೆನ್ನೂರ್_ವೆಲ್ಡರ್:

ಅಣ್ಣಾ, ಇಷ್ಟೆಲ್ಲ ಬರೆದಿದ್ದಕ್ಕೆ ಕೈಮುಗಿದೆ. ಅವ್ವನಿಗೂ ಓದಿ ಹೇಳಿದೆ. ಬೀನ್ಸ್, ಹಸಿ ಈರುಳ್ಳಿ ಕೇಳಿ ಸ್ವಲ್ಪ ಸಮಾಧಾನ ಆದರು. ನಾನು ಬರುತ್ತೇನೆ ಅಂತ ತೀರ್ಮಾನ ಮಾಡಿದ್ದೇನೆ. ಬರುವುದು ನವೆಂಬರ್‌ಗೆ ಆಗಬಹುದು. ಸಹಿ ಹಾಕುವ ಮುಂಚೆ ಏನಾದರೂ ನೋಡಬೇಕಾ? ಅಲ್ಲಿಂದ ಭಾನುವಾರ ಪಕ್ಕದ ದೇಶಕ್ಕೆ ಹೋಗಿ ಬರಬಹುದಾ?

ಹೊಸನಗರದ_ಹೈದ:

ನವೆಂಬರ್ರಾ? ಸರಿ, ಕೆಟ್ಟದ್ದನ್ನು ಮೊದಲೇ ನೋಡಿಬಿಡು. ಆಗೋದಾದರೆ ಮಾರ್ಚ್‌ಗೆ ಅಂತ ಕೇಳಿ ನೋಡು, ಎಷ್ಟೋ ಕಂಪನಿ ಒಪ್ಪುತ್ತವೆ.

ಹೋಗಿ ಬರಬಹುದು. 2023ರ ಜನವರಿ 1ರಿಂದ ಇಲ್ಲಿ ಯೂರೊ, ಷೆಂಗೆನ್ (ಗಡಿ ತಪಾಸಣೆ ಇಲ್ಲದೆ ಓಡಾಡುವ ಯುರೋಪಿನ ಒಪ್ಪಂದ) ಎರಡೂ ಇದೆ. ಮುರ್ಸ್ಕೊ ಸ್ರೆಡಿಶ್ಚೆಯ ಸೇತುವೆ ದಾಟಿ ಸ್ವಲ್ಪ ಹೋದರೆ ಸ್ಲೊವೇನಿಯಾದ ಲೆಂಡಾವಾ. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಲೊವೇನಿಯಾದವರು ಗಡಿಯಲ್ಲಿ ಮತ್ತೆ ತಪಾಸಣೆ ಶುರು ಮಾಡಿದರು. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಜೇಬಲ್ಲಿರಲಿ. ಸುತ್ತಾಡಿ ಬರಬಹುದು, ಅಲ್ಲಿ ಕೆಲಸ ಮಾಡುವ ಹಾಗಿಲ್ಲ. ಯಾರಾದರೂ "ಆಸ್ಟ್ರಿಯಾದಲ್ಲಿ ಎರಡು ದಿನ ಕೆಲಸ ಇದೆ, ಕ್ಯಾಶ್" ಅಂದರೆ ಹೋಗಬೇಡ. ಭಾನುವಾರ ಸಾಮಾನು ತರಬಹುದು ಅಂತಲೂ ಇರಬೇಡ. 2023ರ ಕಾನೂನಿನ ಪ್ರಕಾರ ಅಂಗಡಿಗಳು ವರ್ಷಕ್ಕೆ 16 ಭಾನುವಾರ ಮಾತ್ರ ತೆರೆಯಬಹುದು. ಶನಿವಾರವೇ ತಂದಿಟ್ಟುಕೋ.

ಬಂದ ತಕ್ಷಣ ಒಐಬಿ ಅಂತ 11 ಅಂಕಿಯ ನಂಬರ್ ಕೊಡುತ್ತಾರೆ. ಬ್ಯಾಂಕು, ಸಿಮ್, ಡಾಕ್ಟರು ಎಲ್ಲದಕ್ಕೂ ಅದೇ ಬೇಕು. ಮೊದಲ ಸಂಬಳದಲ್ಲಿ ಹಳೆ ಸೈಕಲ್ ತಗೋ. ನೆಲ ಚಪ್ಪಟೆ, ಇಲ್ಲಿ ಅಜ್ಜಿಯರೂ ಸೈಕಲ್ ಮೇಲೇ ಚರ್ಚಿಗೆ ಹೋಗುವುದು. ಹಿಂದೆ ಮುಂದೆ ಲೈಟ್ ಹಾಕಿಸು, ಮಂಜಲ್ಲಿ ಕಾರಿನವರಿಗೆ ನೀನು ಕಾಣಲ್ಲ.

ಸಹಿ ಹಾಕುವ ಮುಂಚೆ ಒಂದು ಕೇಳು. ಕಾಂಟ್ರಾಕ್ಟ್‌ನಲ್ಲಿ ವಸತಿ ಕೊಡುತ್ತೇವೆ ಅಂತ ಇರುತ್ತೆ. ರೂಮು ಬಿಸಿ ಮಾಡುವ ಖರ್ಚು ಯಾರದ್ದು, ಗ್ಯಾಸಾ ಸೌದೆಯಾ ಕರೆಂಟಾ ಅಂತ ಬರೆದಿರಲ್ಲ. ನಮ್ಮ ಪೈಕಿ ಕೆಲವರಿಗೆ ಚಳಿಗಾಲ ಪೂರ್ತಿ ಪ್ರತಿ ತಿಂಗಳ ಸಂಬಳದಲ್ಲಿ ಅದಕ್ಕೇ ಮುರಿದುಕೊಂಡರು, ಕೇಳಿದರೆ ಕಾಂಟ್ರಾಕ್ಟ್ ತೋರಿಸಿದರು. ಬಾಯಿಮಾತು ಬೇಡ, ಕಾಗದದ ಮೇಲೆ ಬರೆಸಿಕೋ. ಒಂದು ರೂಮಿಗೆ ಎಷ್ಟು ಜನ ಅನ್ನುವುದನ್ನೂ ಅದರಲ್ಲೇ ಸೇರಿಸು. ಆ ಹಾಳೆಯ ಫೋಟೊ ಬೇಕಾದರೆ ನನಗೆ ಮೆಸೇಜ್ ಮಾಡು, ನಿನ್ನ ಹೆಸರು, ನಂಬರ್ ಮುಚ್ಚಿ ಕಳಿಸು. ಕ್ರೊಯೇಷಿಯನ್ ಪ್ರತಿಯಲ್ಲಿ ಏನಿದೆ ಅಂತ ಅಜ್ಜಿಯ ಮೊಮ್ಮಗಳ ಹತ್ತಿರ ಓದಿಸಿ ಹೇಳುತ್ತೇನೆ.